ಬೈಲುಕುಪ್ಪೆಯ ಟಿಬೆಟನ್ ಹುಡುಗರ ಜೊತೆ ನಾಟಕ ಶಿಬಿರ, ಎಲ್ಲಿಂದ ಶುರು ಮಾಡೋದು?

ರಂಗದ ಹುಚ್ಚಿ:
ನಮ್ಮದು ಮೈಸೂರಿನ ಸಣ್ಣ ತಂಡ. ಬೈಲುಕುಪ್ಪೆಯಲ್ಲಿ ಹೈಸ್ಕೂಲು, ಪಿಯುಸಿ ವಯಸ್ಸಿನ ಟಿಬೆಟನ್ ಮಕ್ಕಳ ಜೊತೆ ಶಿಬಿರ ಮಾಡಬೇಕು ಅಂತಿದ್ದೇವೆ. ನಾವು ಬರೆದು ಅವರ ಕೈಲಿ ಆಡಿಸೋದಲ್ಲ, ಅವರೇ ನಾಟಕ ಕಟ್ಟಬೇಕು. ವಿಷಯ, 'ನಾನು ಎಲ್ಲಿಯವನು'. ತೊಡಕು ಏನಂದ್ರೆ ವಲಸೆ ಬಂದದ್ದು ಇವರ ಅಜ್ಜ ಅಜ್ಜಿ, 1960ರ ದಶಕದಲ್ಲಿ. ಎಷ್ಟೋ ಮಕ್ಕಳ ಅಪ್ಪ ಅಮ್ಮ ಕೂಡ ಇಲ್ಲೇ ಹುಟ್ಟಿದವರು. ನೋಡೇ ಇಲ್ಲದ ಊರಿನ ಬಗ್ಗೆ ಏನಂತ ಕೇಳೋದು?

ಕುಶಾಲನಗರದವ:
ಕೇಳಲೇಬೇಡಿ ಮೇಡಂ. ಗೋಲ್ಡನ್ ಟೆಂಪಲ್ ನೋಡೋಕೆ ಬಂದವರಿಂದ ಹಿಡಿದು ಪಿಎಚ್‌ಡಿ ಮಾಡೋರ ತನಕ ಎಲ್ಲರೂ ಅದನ್ನೇ ಕೇಳುತ್ತಾರೆ, ಹುಡುಗರ ಹತ್ತಿರ ಉತ್ತರ ರೆಡಿ ಇರುತ್ತೆ. ಚಳಿಗಾಲದಲ್ಲಿ ಅಪ್ಪ ಅಮ್ಮ ಸ್ವೆಟರ್ ಮಾರೋಕೆ ದೂರದ ಊರಿಗೆ ಹೋದಾಗ ಮನೆ ಹೇಗಿರುತ್ತೆ, ಅಜ್ಜಿ ಹತ್ತಿರ ಯಾವ ಭಾಷೇಲಿ ಜಗಳ ಆಡ್ತೀರಿ, ಇಂಥದ್ದು ಕೇಳಿ. ನಾಟಕ ಅಲ್ಲೇ ಇದೆ.

ಕ್ಯಾಮೆರಾ ಚೀಲ:
ಮೊದಲು ಮೊಬೈಲಲ್ಲಿ ಫೋಟೋ ತೆಗೆಯೋಕೆ ಬಿಡಿ. ಫೋಟೋವಾಯ್ಸ್ ಅನ್ನೋ ಪದ್ಧತಿ ಇದೆ, 1990ರ ದಶಕದಲ್ಲಿ ಚೀನಾದ ಯುನ್ನಾನ್‌ನ ಹಳ್ಳಿ ಹೆಂಗಸರ ಜೊತೆ ಬೆಳೆದದ್ದು. ಫೋಟೋ ತೆಗೆದವರೇ ಅದರ ಮಾತನ್ನೂ ಆಡಬೇಕು, ನಾವು ವಿವರಿಸೋ ಹಾಗಿಲ್ಲ. ನಾನು ಮಾಡಿಸಿದ ಶಿಬಿರದಲ್ಲಿ ಒಬ್ಬಳು ಬೆಟ್ಟ, ಬಾವುಟ ಏನೂ ತೆಗೆಯಲಿಲ್ಲ. ಬೀರುವಿನಲ್ಲಿದ್ದ ಪ್ಲಾಸ್ಟಿಕ್ ಕವರ್ ತೆಗೆದಿದ್ದಳು, ಒಳಗೆ ಮನೆಯವರೆಲ್ಲರ ಆರ್‌ಸಿ (ಇಲ್ಲಿರೋ ಟಿಬೆಟನ್ನರಿಗೆ ವಿದೇಶಿಯರು ಅಂತ ಸರ್ಕಾರ ಕೊಡೋ ನೋಂದಣಿ ಪತ್ರ), ಅಂಚು ಸವೆದ ಜೆರಾಕ್ಸ್‌ಗಳು.

ಆದರೆ ಅಲ್ಲೇ ಹುಷಾರು. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಇಲ್ಲಿ ಹುಟ್ಟಿದವರು ಕಾನೂನಿನ ಪ್ರಕಾರ ಭಾರತದ ಪ್ರಜೆಗಳು. ಹಾಗಾಗಿ ಟಿಬೆಟ್‌ನಿಂದ ಬಂದ ಒಂದೇ ತಂದೆ ತಾಯಿಗೆ 1985ರಲ್ಲಿ ಹುಟ್ಟಿದ ಅಕ್ಕ ಪಾಸ್‌ಪೋರ್ಟ್ ಕೇಳಬಹುದು, 1988ರ ತಮ್ಮ ಕೇಳೋ ಹಾಗಿಲ್ಲ! ಅರ್ಹತೆ ಇದ್ದರೂ ಬೇಡ ಅನ್ನೋರಿದ್ದಾರೆ, ತಗೊಂಡರೆ ಟಿಬೆಟ್‌ಗಾಗಿ ನಡೆಯೋ ಹೋರಾಟ ಬಿಟ್ಟ ಹಾಗೆ ಅಂತ. ಇದನ್ನ ಶಿಬಿರದೊಳಗೆ ಬ್ರೆಜಿಲ್‌ನ ರಂಗಕರ್ಮಿ ಬೊವಾಲ್‌ನ ಫೋರಂ ಥಿಯೇಟರ್ ಥರ ಆಡಿಸಿ, ನೋಡೋ ಹುಡುಗರು 'ನಿಲ್ಲಿಸಿ' ಅಂದು ತಾವೇ ಆ ಪಾತ್ರಕ್ಕೆ ಇಳಿಯಲಿ. ಊರವರ ಮುಂದೆ ಮಾತ್ರ ಬೇಡ.

ನಾಲ್ಕನೇ ಕ್ಯಾಂಪ್:
ನಾನು ಬೈಲುಕುಪ್ಪೆಯವನೇ, ಈಗ ಬೆಂಗಳೂರಲ್ಲಿ ಕೆಲಸ. ನನ್ನನ್ನ ಎಲ್ಲರೂ 'ನಾರ್ತ್ ಈಸ್ಟಾ?' ಅಂತ ಇಂಗ್ಲಿಷಲ್ಲಿ ಕೇಳುತ್ತಾರೆ, ನಾನು ಕನ್ನಡದಲ್ಲೇ ಉತ್ತರ ಕೊಡುತ್ತೇನೆ, ಆಮೇಲೂ ಇಂಗ್ಲಿಷಲ್ಲೇ ಮುಂದುವರಿಸುತ್ತಾರೆ. ಇದು ತಮಾಷೆಯ ಸೀನ್ ಅಲ್ವಾ? ಬರೀ ನೋವೇ ಹುಡುಕಬೇಡಿ ಅಕ್ಕಾ. ನಮ್ಮಲ್ಲಿ ಗೋರ್ಶೆ ಅಂತ ಸುತ್ತು ಕುಣಿತ ಇದೆ, ಯಾರು ಬೇಕಾದರೂ ಸೇರಬಹುದು. ಮೊದಲ ದಿನ ನೀವು ಅದಕ್ಕೆ ಸೇರಿ. ನಿಮ್ಮ ಹೆಜ್ಜೆ ತಪ್ಪಲಿ, ಹುಡುಗರು ಕಲಿಸಲಿ.

ರಂಗದ ಹುಚ್ಚಿ:
ಎಲ್ಲರಿಗೂ ಥ್ಯಾಂಕ್ಸ್. ಆದರೆ ಪ್ರದರ್ಶನ ಇಲ್ಲ ಅಂದ್ರೆ ದುಡ್ಡು ಕೊಟ್ಟವರು ಸುಮ್ನೆ ಬಿಡ್ತಾರಾ?

ಕ್ಯಾಮೆರಾ ಚೀಲ:
ಮೊದಲೇ ಬರೆದುಕೊಡಿ: ಏನು ತೋರಿಸಬೇಕು ಅಂತ ಕೊನೆ ದಿನ ಹುಡುಗರೇ ತೀರ್ಮಾನ ಮಾಡುತ್ತಾರೆ, ಏನೂ ಬೇಡ ಅಂದರೂ ಸರಿ. ಒಪ್ಪದಿದ್ದರೆ ಆ ದುಡ್ಡು ಬಿಡಿ. ಫೇಸ್‌ಬುಕ್‌ಗೆ ಹಾಕೋ ಒಂದೊಂದು ಫೋಟೋಗೂ ಅವರನ್ನ, ಮನೆಯವರನ್ನ ಕೇಳಿಯೇ ಹಾಕಿ.