ಸಣ್ಣ ಊರಿನ ಡೈನರ್‌ನಲ್ಲಿ ತಿಂಡಿ: ಅನುಭವವಿದ್ದವರು ದಯವಿಟ್ಟು ತಿಳಿಸಿ

ನಮಸ್ಕಾರ. ಶಿವಮೊಗ್ಗದಿಂದ ಬಂದಿರುವ ತಂದೆ ತಾಯಿಯವರನ್ನು ಕರೆದುಕೊಂಡು ಮುಂದಿನ ವಾರ ನ್ಯೂ ಜೆರ್ಸಿಯಿಂದ ಪೆನ್ಸಿಲ್ವೇನಿಯಾದ ಮೂಲಕ ನಯಾಗರಾಕ್ಕೆ ಕಾರಿನಲ್ಲಿ ಹೊರಟಿದ್ದೇನೆ. ದಾರಿಯ ಯಾವುದಾದರೂ ಸಣ್ಣ ಊರಿನಲ್ಲಿ, ರೈಲು ಬೋಗಿಯಂತೆ ಕಾಣುವ ಉಕ್ಕಿನ ಡೈನರ್‌ (ಅಮೆರಿಕದ ಸಾದಾ ಹೋಟೆಲು) ಒಂದರಲ್ಲಿ ಕುಳಿತು ತಿಂಡಿ ತಿನ್ನಬೇಕೆಂಬುದು ತಂದೆಯವರ ಆಸೆ. ಅವರು ಮೊಟ್ಟೆ ತಿನ್ನುತ್ತಾರೆ, ತಾಯಿಯವರು ಅದನ್ನೂ ಮುಟ್ಟುವುದಿಲ್ಲ. ನಾನು ಇದುವರೆಗೆ ಅಂತಹ ಜಾಗದೊಳಗೆ ಕಾಲಿಟ್ಟವನಲ್ಲ. ಏನನ್ನು ತರಿಸಬೇಕು, ಯಾವುದರ ಬಗ್ಗೆ ಎಚ್ಚರವಿರಬೇಕು, ಟಿಪ್ಸ್ ಎಷ್ಟು ಕೊಡಬೇಕು ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಸ್ಕ್ರ್ಯಾಂಟನ್ ಸಮೀಪದಿಂದ:

ಖಂಡಿತ ಹೋಗಿ. ಹನ್ನೊಂದು ವರ್ಷಗಳಿಂದ ಈ ಭಾಗದಲ್ಲಿರುವ ನಾನು ಒಂದು ಮಾತನ್ನು ಮಾತ್ರ ಒತ್ತಿ ಹೇಳುತ್ತೇನೆ: ‘ವೆಜಿಟೇರಿಯನ್’ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ನನ್ನ ಅಮ್ಮನನ್ನು ಮೊದಲ ಸಲ ಕರೆದುಕೊಂಡು ಹೋದಾಗ ನಾನು ಹಾಗೆಯೇ ಮಾಡಿದ್ದೆ. ತಟ್ಟೆಯಲ್ಲಿ ಬಂದ ಆಲೂಗಡ್ಡೆ ಹೋಳುಗಳ ನಡುವೆ ಉಗುರಿನಷ್ಟು ಚಿಕ್ಕ ಕಂದು ಚೂರುಗಳಿದ್ದವು. ಹುರಿದ ಈರುಳ್ಳಿಯೆಂದುಕೊಂಡು ಅಮ್ಮ ಚಮಚ ಬಾಯಿಗೆ ಒಯ್ಯುವಷ್ಟರಲ್ಲಿ ನನಗೆ ಸಂಶಯ ಬಂದು ತಡೆದೆ. ಕೇಳಿದರೆ ಅದು ಬೇಕನ್, ಅಂದರೆ ಹಂದಿಯ ಮಾಂಸ. ರುಚಿಗೆಂದು ಸ್ವಲ್ಪವೇ ಹಾಕುವುದು ಎಂದರು ಬಡಿಸಿದ ಹೆಂಗಸು. ಅವರ ಮಾತಿನಲ್ಲಿ ಅಸಡ್ಡೆಯಾಗಲಿ ಕೊಂಕಾಗಲಿ ಇರಲಿಲ್ಲ. ಆ ಅಡುಗೆಮನೆಯಲ್ಲಿ ಸಸ್ಯಾಹಾರವೆಂದರೆ ದೊಡ್ಡ ಮಾಂಸದ ತುಂಡು ಇಲ್ಲದ ತಟ್ಟೆ ಎಂದು ತಿಳಿದಿದ್ದರು, ಅಷ್ಟೇ. ಅಂದಿನಿಂದ ನಾನು ಮಾಂಸ, ಕೋಳಿ, ಮೀನು, ಮೊಟ್ಟೆ, ಹಂದಿಯ ಕೊಬ್ಬು ಎಂದು ಒಂದೊಂದನ್ನೂ ಹೆಸರು ಹಿಡಿದು ಬೇಡವೆನ್ನುತ್ತೇನೆ. ಹಾಗೆ ಹೇಳಿದಾಗ ಬಡಿಸುವವರು ಒಳಗೆ ಹೋಗಿ ಅಡುಗೆಯವರನ್ನು ವಿಚಾರಿಸಿಕೊಂಡೇ ಬರುತ್ತಾರೆ.

ಅಲ್ಲಿಯ ಕಾವಲಿ ನಮ್ಮ ಹೋಟೆಲುಗಳ ದೋಸೆ ಕಾವಲಿಯಷ್ಟೇ ಅಗಲವಾದದ್ದು. ಅದರ ಒಂದು ಬದಿಯಲ್ಲಿ ಬೇಕನ್ ಕೊಬ್ಬು ಬಿಡುತ್ತಿರುವಾಗಲೇ ಇನ್ನೊಂದು ಬದಿಯಲ್ಲಿ ಬ್ರೆಡ್ಡು, ಆಲೂಗಡ್ಡೆ ಬೇಯುತ್ತಿರುತ್ತವೆ. ಆದ್ದರಿಂದ ತಾಯಿಯವರಿಗೆ ಗ್ರಿಲ್ಡ್ ಚೀಸ್ ಸ್ಯಾಂಡ್‌ವಿಚ್ ಹೇಳುವುದಾದರೆ, ತೊಳೆದ ಬೇರೆ ಬಾಣಲೆಯಲ್ಲಿ ಮಾಡಿಕೊಡಬಹುದೇ ಎಂದು ಕೇಳಿ; ಗಿರಾಕಿಗಳು ಕಡಿಮೆಯಿರುವ ಹೊತ್ತಿನಲ್ಲಿ ನನಗೆ ಇದುವರೆಗೆ ಯಾರೂ ಇಲ್ಲವೆಂದಿಲ್ಲ. ಪ್ಯಾನ್‌ಕೇಕ್, ವಾಫಲ್‌ಗಳ ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ. ಫ್ರೆಂಚ್ ಟೋಸ್ಟ್ ಎಂದರೆ ಮೊಟ್ಟೆಯಲ್ಲಿ ಅದ್ದಿದ ಬ್ರೆಡ್ಡೇ. ಸೂಪಿಗೆ ಕೋಳಿ ಬೇಯಿಸಿದ ನೀರು, ಪೈ ಎಂಬ ತಿನಿಸಿನ ಹಿಟ್ಟಿಗೆ ಹಂದಿಯ ಕೊಬ್ಬು ಬಳಸಿರುವ ಸಾಧ್ಯತೆಯೂ ಇದೆ. ಪೆನ್ಸಿಲ್ವೇನಿಯಾದ ಮೆನುಗಳಲ್ಲಿ ‘ಸ್ಕ್ರ್ಯಾಪಲ್’ ಎಂಬ ಪದಾರ್ಥ ಕಾಣುತ್ತದೆ. ಹೆಸರಿನಿಂದ ಏನೂ ಗೊತ್ತಾಗದ ಈ ತಿನಿಸು ಹಂದಿಯ ಮಾಂಸದ ಚೂರುಗಳನ್ನು ಮೆಕ್ಕೆಜೋಳದ ಹಿಟ್ಟಿನಲ್ಲಿ ಬೇಯಿಸಿ, ಅಚ್ಚಿನಲ್ಲಿ ಗಟ್ಟಿಯಾಗಿಸಿ, ಹೋಳು ಮಾಡಿ ಹುರಿದದ್ದು. ತಾಯಿಯವರಿಗೆ ಎಲ್ಲಕ್ಕಿಂತ ನಿಶ್ಚಿಂತೆಯದು ಓಟ್‌ಮೀಲ್, ಅಂದರೆ ಓಟ್ಸ್ ಗಂಜಿ; ಕಂದು ಸಕ್ಕರೆ, ಒಣದ್ರಾಕ್ಷಿ ಸೇರಿಸಿಕೊಂಡು ಬಿಸಿಬಿಸಿಯಾಗಿ ತಿಂದರೆ ಹೊಟ್ಟೆ ತುಂಬುತ್ತದೆ.

ಬಫಲೊದಿಂದ:

ಮೇಲಿನವರು ಹೇಳಿದ್ದೆಲ್ಲ ಸರಿ. ತಂದೆಯವರ ವಿಷಯದಲ್ಲಿ ನನ್ನ ಸಲಹೆಯೆಂದರೆ, ಸ್ವಲ್ಪ ಹೊತ್ತಾದರೂ ಅವರನ್ನು ಕೌಂಟರಿನ ಮುಂದಿನ ಸ್ಟೂಲಿನ ಮೇಲೆ ಕೂರಿಸಿ. ಕಾವಲಿ ಎದುರಿಗಿರುವ ಡೈನರ್ ಆದರೆ ಅಡುಗೆಯವರು ಒಂದೇ ಕೈಯಲ್ಲಿ ಮೊಟ್ಟೆ ಒಡೆಯುವುದು, ಅಗಲವಾದ ಸಟ್ಟುಗದಿಂದ ಕಾವಲಿಯನ್ನು ಕೆರೆದು ಮುಂದಿನ ತಟ್ಟೆಗೆ ಜಾಗ ಮಾಡಿಕೊಳ್ಳುವುದು ಎಲ್ಲವೂ ಕಣ್ಣೆದುರೇ ನಡೆಯುತ್ತದೆ.

ಆದರೆ ಪ್ರಶ್ನೆಗಳು ಒಂದರ ಹಿಂದೊಂದು ಬರುತ್ತವೆ. ಕಾರಿನಲ್ಲೇ ಅವರಿಗೆ ತಿಳಿಸಿಡಿ. ಎರಡು ಮೊಟ್ಟೆ ಎಂದ ಕೂಡಲೇ ಹೇಗೆ ಬೇಕೆಂದು ಕೇಳುತ್ತಾರೆ. ‘ಸನ್ನಿ ಸೈಡ್ ಅಪ್’ ಎಂದರೆ ಮಗುಚದೆ ಬೇಯಿಸಿದ್ದು, ‘ಓವರ್ ಈಜಿ’ ಎಂದರೆ ಮಗುಚಿದರೂ ಹಳದಿ ಭಾಗ ಹರಿಯುವಂತಿರುವುದು, ‘ಓವರ್ ಹಾರ್ಡ್’ ಎಂದರೆ ಪೂರ್ತಿ ಬೆಂದದ್ದು. ನಮ್ಮ ಹಿರಿಯರಿಗೆ ಕೊನೆಯದೇ ಒಗ್ಗುತ್ತದೆಂಬುದು ನನ್ನ ಅನುಭವ. ಮುಂದೆ ಟೋಸ್ಟ್ ಬಿಳಿ ಬ್ರೆಡ್ಡಿನದೋ, ಗೋಧಿಯದೋ, ರೈ ಎಂಬ ಧಾನ್ಯದ್ದೋ ಎಂದು ಕೇಳುತ್ತಾರೆ. ಆಲೂಗಡ್ಡೆ ಹೋಳು ಮಾಡಿ ಹುರಿದ ಹೋಮ್ ಫ್ರೈಸೋ, ತುರಿದು ಹುರಿದ ಹ್ಯಾಶ್ ಬ್ರೌನ್ಸೋ. ಬಡಿಸುವಾಕೆ ಗದರುತ್ತಿದ್ದಾಳೆಂದು ನನ್ನ ಮಾವನವರು ಮೊದಲ ದಿನ ಗಾಬರಿಯಾಗಿದ್ದರು. ಅದು ಗದರುವುದಲ್ಲ, ಕೆಲಸದ ವೇಗ ಮಾತ್ರ. ಸಾವಧಾನವಾಗಿ ಇನ್ನೊಮ್ಮೆ ಹೇಳಿ ಎಂದು ಕೇಳಿಕೊಂಡರೆ ಪ್ರೀತಿಯಿಂದಲೇ ಹೇಳುತ್ತಾರೆ.

ಕಾಫಿ ತೆಳ್ಳಗಿರುತ್ತದೆ, ಲೋಟ ಖಾಲಿಯಾದಂತೆ ಮತ್ತೆ ಮತ್ತೆ ತುಂಬುತ್ತಾರೆ, ಅದಕ್ಕೆ ಸಾಮಾನ್ಯವಾಗಿ ಬೇರೆ ಹಣವಿಲ್ಲ. ಕಿತ್ತಳೆ ಬಣ್ಣದ ಹಿಡಿಯ ಜಗ್ಗಿನಲ್ಲಿರುವುದು ಕೆಫೀನ್ ತೆಗೆದ ಕಾಫಿ.

ರೋಡ್ ಐಲೆಂಡ್‌ನಿಂದ:

ಹಳೆಯ ರೈಲು ಬೋಗಿಗಳನ್ನೇ ಡೈನರ್ ಮಾಡಿದ್ದಾರೆಂದು ಅನೇಕರು ನಂಬಿದ್ದಾರೆ, ಆದರೆ ಅದರ ಮೂಲ ಬೇರೆ. ತಂದೆಯವರಿಗೆ ಕುತೂಹಲವಿರುವುದರಿಂದ ಇಷ್ಟು ಬರೆಯುತ್ತೇನೆ. 1872ರಲ್ಲಿ ಇಲ್ಲಿಯ ಪ್ರಾವಿಡೆನ್ಸ್ ನಗರದಲ್ಲಿ ವಾಲ್ಟರ್ ಸ್ಕಾಟ್ ಎಂಬವರು ಕುದುರೆ ಗಾಡಿಯಲ್ಲಿ ಪತ್ರಿಕಾ ಕಚೇರಿಯ ರಾತ್ರಿಪಾಳಿಯ ಕೆಲಸಗಾರರಿಗೆ ತಿಂಡಿ ಮಾರಲು ತೊಡಗಿದ್ದು ಇದರ ಮೂಲ. ಮುಂದೆ ಆ ಗಾಡಿಗಳೇ ದೊಡ್ಡದಾಗಿ, 1906ರಲ್ಲಿ ಆರಂಭವಾದ ವುಸ್ಟರ್ ಲಂಚ್ ಕಾರ್ ಕಂಪನಿಯಂತಹ ಕಾರ್ಖಾನೆಗಳು ಇಡೀ ಡೈನರನ್ನೇ ಕಟ್ಟಿ ಊರೂರಿಗೆ ಕಳಿಸಿದವು. ರೈಲಿನಲ್ಲೋ ರಸ್ತೆಯಲ್ಲೋ ಸಾಗಿಸಬೇಕಾದ್ದರಿಂದಲೇ ಅವು ಅಷ್ಟು ಉದ್ದ, ಅಷ್ಟು ಇಕ್ಕಟ್ಟು. ಪಾಟಕೆಟ್‌ನ ಮಾಡರ್ನ್ ಡೈನರ್ ಅಮೆರಿಕದ ರಾಷ್ಟ್ರೀಯ ಚಾರಿತ್ರಿಕ ತಾಣಗಳ ಪಟ್ಟಿಗೆ 1978ರಲ್ಲಿ ಸೇರಿದ ಮೊದಲ ಡೈನರ್. ನೀವು ಹೋದಲ್ಲಿ ಬಾಗಿಲಿನ ಹತ್ತಿರ, ಕಣ್ಣಿನ ಎತ್ತರದಲ್ಲಿ ನೋಡಿ. ಕಟ್ಟಿದ ಕಾರ್ಖಾನೆಯ ಹೆಸರು, ಸಂಖ್ಯೆ ಇರುವ ಸಣ್ಣ ಲೋಹದ ಫಲಕ ಕೆಲವೆಡೆ ಈಗಲೂ ಉಳಿದಿದೆ.

ಅಲೆನ್‌ಟೌನ್‌ನಿಂದ:

ಟಿಪ್ಸ್ ಬಗ್ಗೆ ಯಾರೂ ಬರೆದಿಲ್ಲ. ದಯವಿಟ್ಟು ಬಿಲ್ಲಿನ ಶೇಕಡ 20 ಕೊಡಿ. ಟಿಪ್ಸ್ ಪಡೆಯುವ ಕೆಲಸಗಾರರಿಗೆ ಮಾಲೀಕರು ನೇರವಾಗಿ ಕೊಡಬೇಕಾದ ಕನಿಷ್ಠ ಕೂಲಿ ಕೇಂದ್ರ ಕಾನೂನಿನಂತೆ 1991ರಿಂದಲೂ ಗಂಟೆಗೆ 2.13 ಡಾಲರ್, ಪೆನ್ಸಿಲ್ವೇನಿಯಾದಲ್ಲಿ 2.83 ಡಾಲರ್. ಉಳಿದದ್ದು ಹೆಚ್ಚಾಗಿ ನಾವು ಮೇಜಿನ ಮೇಲೆ ಬಿಟ್ಟು ಬರುವ ಹಣದಿಂದ ತುಂಬಬೇಕು. ತಾಯಿಯವರಿಗಾಗಿ ಬೇರೆ ಬಾಣಲೆ ತೊಳೆಸಿದ್ದರೆ ಇನ್ನೂ ಸ್ವಲ್ಪ ಹೆಚ್ಚೇ ಕೊಡುವುದು ನ್ಯಾಯ. ಬಿಲ್ಲನ್ನು ಮೇಜಿನ ಮೇಲೆ ಇಟ್ಟು ಹೋಗುತ್ತಾರೆ. ಎಷ್ಟೋ ಕಡೆ ಹಣವನ್ನು ಬಾಗಿಲ ಬಳಿಯ ಗಲ್ಲಾದಲ್ಲಿ ಕಟ್ಟಬೇಕು. ಕಾರ್ಡ್ ತೆಗೆದುಕೊಳ್ಳದವರೂ ಇರುವುದರಿಂದ ನೋಟುಗಳು ಜೊತೆಯಲ್ಲಿರಲಿ.

ಸಣ್ಣ ಊರುಗಳಲ್ಲಿ ಮಧ್ಯಾಹ್ನ ಎರಡಕ್ಕೇ ಬಾಗಿಲು ಹಾಕುವ ಡೈನರ್‌ಗಳು ಬಹಳ. ಭಾನುವಾರ ಚರ್ಚ್ ಬಿಟ್ಟ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಆ ಹೊತ್ತಿನಲ್ಲಿ ಬೇರೆ ಬಾಣಲೆಯ ಮಾತು ಎತ್ತುವುದೂ ಕಷ್ಟ. ವಾರದ ದಿನ, ಬೆಳಗ್ಗೆ ಹತ್ತರ ಸುಮಾರಿಗೆ ಹೋಗಿ. ನನ್ನ ಅತ್ತೆಯವರು ಕೈಚೀಲದಲ್ಲಿ ಚಟ್ನಿಪುಡಿಯ ಸಣ್ಣ ಡಬ್ಬಿ ಇಟ್ಟುಕೊಂಡಿರುತ್ತಾರೆ. ಕೇಳಿ ಅನುಮತಿ ಪಡೆದು, ಬೆಣ್ಣೆ ಸವರಿದ ಟೋಸ್ಟಿನ ಮೇಲೆ ಅದನ್ನು ಉದುರಿಸಿಕೊಂಡು ತಿಂದ ದಿನ ಅವರು ಇನ್ನೆರಡು ಟೋಸ್ಟ್ ತರಿಸಿದರು.