ಕೈಯಿಂದ ಉಕ್ಕಿನ ಸೈಕಲ್ ಫ್ರೇಮ್ ಕಟ್ಟಿ ಮಾರುವುದು ಹೊಟ್ಟೆ ತುಂಬಿಸುವ ಕಸುಬೇ?

ಪೀಣ್ಯದ ಫಿಟ್ಟರ್:

ಎಲ್ಲರಿಗೂ ನಮಸ್ಕಾರ. ಪೀಣ್ಯದ ಟೂಲ್‌ರೂಮ್ ಒಂದರಲ್ಲಿ ಹದಿನಾಲ್ಕು ವರ್ಷಗಳಿಂದ ಜಿಗ್, ಫಿಕ್ಸ್‌ಚರ್ ಮಾಡುತ್ತಿರುವುದರಿಂದ ಅರ ಹಿಡಿಯುವುದಾಗಲಿ, ಮಿಲ್ಲಿಂಗ್ ಯಂತ್ರವಾಗಲಿ ನನಗೆ ಹೊಸದಲ್ಲ. ಕಳೆದ ವರ್ಷ ಟಾರ್ಚಿನಲ್ಲಿ ಹಿತ್ತಾಳೆ ಬ್ರೇಜಿಂಗ್ (ಹಿತ್ತಾಳೆ ಕರಗಿಸಿ ಟ್ಯೂಬು ಬೆಸೆಯುವುದು) ಅಭ್ಯಾಸ ಮಾಡಿಕೊಂಡು 4130 ಕ್ರೋಮಾಲಿ ಎಂಬ ಮಿಶ್ರ ಉಕ್ಕಿನ ಟ್ಯೂಬಿನಿಂದ ಎರಡು ಫ್ರೇಮ್ ಕಟ್ಟಿದೆ. ಎರಡನೆಯದನ್ನು ಹತ್ತಿಯೇ ದಿನವೂ ಕೆಲಸಕ್ಕೆ ಹೋಗುತ್ತಿದ್ದೇನೆ. ಈಗ ಸವಾರರ ಮೈಯಳತೆಗೆ ತಕ್ಕಂತೆ ತಿಂಗಳಿಗೆ ಎರಡು ಫ್ರೇಮ್ ಮಾಡಿ ಮಾರುವ ಆಸೆಯಾಗಿದೆ. ಅದಕ್ಕಾಗಿ ರೆನಾಲ್ಡ್ಸ್, ಕೊಲಂಬಸ್ ಮುಂತಾದ ವಿದೇಶಿ ಟ್ಯೂಬುಗಳನ್ನೇ ತರಿಸಬೇಕೇ, ಮತ್ತು ಬೆಲೆಯನ್ನು ಯಾವ ಲೆಕ್ಕದಲ್ಲಿ ಕಟ್ಟಬೇಕು ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಬಿಳಿಗಾರ, ಪೋರ್ಟ್‌ಲ್ಯಾಂಡ್:

ಟ್ಯೂಬಿನ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ, ವ್ಯಾಪಾರ ನನಗೆ ಕೈಹತ್ತಲಿಲ್ಲ. ದುಬಾರಿ ಉಕ್ಕು ಹೆಚ್ಚು ಬಿಗಿಯಾಗಿರುತ್ತದೆ, ಅಂದರೆ ಕಡಿಮೆ ಬಾಗುತ್ತದೆ ಎಂದು ಅನೇಕರು ನಂಬಿದ್ದಾರೆ, ಆದರೆ ಎಲ್ಲ ಉಕ್ಕುಗಳ ಬಿಗಿತವೂ ಹೆಚ್ಚುಕಡಿಮೆ ಒಂದೇ. ಹೆಚ್ಚುವುದು ಮುರಿಯದೆ ತಾಳುವ ಶಕ್ತಿ, ಆ ಶಕ್ತಿಯಿಂದಾಗಿ ಟ್ಯೂಬಿನ ಗೋಡೆಯನ್ನು ತೆಳುವಾಗಿಸಬಹುದು. 28.6 ಮಿ.ಮೀ. ವ್ಯಾಸದ ಟ್ಯೂಬು 0.9 ಮಿ.ಮೀ. ಗೋಡೆಯಲ್ಲಿ ಮೀಟರಿಗೆ ಸುಮಾರು 615 ಗ್ರಾಂ ತೂಗಿದರೆ, 0.5 ಗೋಡೆಯಲ್ಲಿ 350 ಗ್ರಾಂ ಕೂಡ ತೂಗದು. ಕೊನೆಗಳಲ್ಲಿ ದಪ್ಪ, ನಡುವೆ ತೆಳು ಇರುವ ಬಟೆಡ್ ಟ್ಯೂಬಿಗೆ ರೆನಾಲ್ಡ್ಸ್‌ನವರು 1897ರಲ್ಲೇ ಪೇಟೆಂಟ್ ಪಡೆದದ್ದು ಇದೇ ಕಾರಣಕ್ಕೆ. ಅವರ ಹೆಸರಾಂತ 531 ಬಂದದ್ದು 1935ರಲ್ಲಿ. ಮೊದಲ ಐದಾರು ಫ್ರೇಮುಗಳಿಗೆ ನಿಮ್ಮ 0.9ರ ಸಾದಾ ಕ್ರೋಮಾಲಿ ಧಾರಾಳವಾಗಿ ಸಾಕು. ನಾನು ಅವಸರಪಟ್ಟು ಎರಡನೇ ಫ್ರೇಮಿಗೇ ಬಟೆಡ್ ಟ್ಯೂಬು ತರಿಸಿ, ದಪ್ಪ ಭಾಗ ಎಲ್ಲಿಗೆ ಮುಗಿಯುತ್ತದೆಂದು ಗುರುತು ಹಾಕಿಕೊಳ್ಳದೆ ತಪ್ಪು ತುದಿಯಿಂದ ಕೊಯ್ದುಬಿಟ್ಟೆ. ತೆಳು ಗೋಡೆ ನೇರವಾಗಿ ಜೋಡಣೆಯೊಳಗೆ ಬಂದು ಕೂತಿತ್ತು. ಆ ಟ್ಯೂಬು ಈಗ ಬಾಲ್ಕನಿಯಲ್ಲಿ ಹಾಗಲಬಳ್ಳಿಗೆ ಊರುಗೋಲಾಗಿದೆ.

ಇನ್ನೊಂದು ಮಾತು. ಹಿತ್ತಾಳೆ ಹರಿಯಬೇಕಾದರೆ ಸುಮಾರು 900 ಡಿಗ್ರಿ ಬೇಕು. 56 ಶೇಕಡಾ ಬೆಳ್ಳಿಯ ಕಡ್ಡಿ 650ರ ಆಸುಪಾಸಿನಲ್ಲೇ ಹರಿಯುವುದರಿಂದ ಟ್ಯೂಬು ಅಷ್ಟಾಗಿ ಸೊಟ್ಟಗಾಗುವುದಿಲ್ಲ. ಆದರೆ ಬೆಳ್ಳಿಗೆ ಸಂದು ತುಂಬುವ ಗುಣವಿಲ್ಲ, ಟ್ಯೂಬುಗಳನ್ನು ಕೂಡಿಸುವ ತೋಳಾದ ಲಗ್ಗಿಗೂ ಟ್ಯೂಬಿಗೂ ನಡುವೆ 0.1 ಮಿ.ಮೀ.ನಷ್ಟೇ ಜಾಗವಿರಬೇಕು. ಅಕ್ಕಸಾಲಿಗರು ಬಿಳಿಗಾರ ಹಚ್ಚಿ ಬೆಸೆಯುವುದನ್ನು ಒಂದು ಮಧ್ಯಾಹ್ನ ಕೂತು ನೋಡಿ. ಉರಿಯನ್ನು ಕಡ್ಡಿಗೆ ತೋರಿಸದೆ ಲೋಹಕ್ಕೆ ತೋರಿಸುವ ಅವರ ರೀತಿಯೇ ಇಲ್ಲಿಯೂ ನಡೆಯುತ್ತದೆ. ಕಡ್ಡಿ ಕೊಳ್ಳುವಾಗ ಕ್ಯಾಡ್ಮಿಯಂ ಇಲ್ಲದ್ದನ್ನೇ ಕೇಳಿ ತನ್ನಿ, ಅದರ ಹೊಗೆ ಶ್ವಾಸಕೋಶಕ್ಕೆ ವಿಷ.

ಲೆಕ್ಕದ ಪುಸ್ತಕ, ಹುಬ್ಬಳ್ಳಿ:

ಆರು ವರ್ಷ ಈ ಕಸುಬು ಮಾಡಿದವನಾಗಿ ಹೇಳುವುದಾದರೆ, ಹೊಸಬರೆಲ್ಲ ಬ್ರೇಜಿಂಗ್ ಬಗ್ಗೆಯೇ ಚಿಂತಿಸುತ್ತಾರೆ, ದುಡ್ಡು ಸೋರುವುದು ಬೇರೆ ಕಡೆ. ನನ್ನ ಡೈರಿಯ ಪ್ರಕಾರ ಒಂದು ಫ್ರೇಮಿಗೆ 42 ಗಂಟೆ ಹಿಡಿದರೆ ಅದರಲ್ಲಿ ಟಾರ್ಚು ಉರಿದದ್ದು ಆರೇ ಗಂಟೆ. ಉಳಿದದ್ದು ಗಿರಾಕಿಯ ಅಳತೆ, ನಕ್ಷೆ, ಟ್ಯೂಬಿನ ತುದಿಯನ್ನು ಮೀನಿನ ಬಾಯಿಯಂತೆ ಕೊರೆಯುವುದು, ಸರ್ಫೇಸ್ ಪ್ಲೇಟಿನ ಮೇಲಿಟ್ಟು ಸೊಟ್ಟ ನೋಡುವುದು, ಅರ ಹಾಕುವುದು, ಪೇಂಟಿನವರ ಬಳಿ ಓಡಾಡುವುದು, ಮತ್ತು "ಬಾಟಲಿ ಸ್ಟ್ಯಾಂಡ್ ಎರಡು ಬೆರಳು ಕೆಳಗೆ ಬರಬಹುದೇ" ಎಂಬಂಥ ರಾತ್ರಿ ಹನ್ನೊಂದರ ಸಂದೇಶಗಳಿಗೆ ಉತ್ತರಿಸುವುದು. ಗಂಟೆಗೆ 400 ರೂಪಾಯಿ ಹಿಡಿದರೂ ಕೂಲಿಯೇ 16,800 ಆಗುತ್ತದೆ; ಅದರ ಮೇಲೆ ಟ್ಯೂಬು, ಗ್ಯಾಸು, ಪೇಂಟು, ಬಾಡಿಗೆ, ಹಾಳಾದ ಮಾಲು. ಕಂಪನಿ ಸೈಕಲ್ಲಿನ ಬೆಲೆ ನೋಡಿ ನಿಮ್ಮ ಬೆಲೆ ಇಟ್ಟರೆ ಎರಡೇ ವರ್ಷದಲ್ಲಿ ಅಂಗಡಿ ಮುಚ್ಚಬೇಕಾಗುತ್ತದೆ.

ನಿಮ್ಮ ಗಿರಾಕಿ ಅಗ್ಗದ ಸೈಕಲ್ ಹುಡುಕುವವನಲ್ಲ. ಆರಡಿ ನಾಲ್ಕಂಗುಲ ಎತ್ತರದವನು, ಐದಡಿಗೂ ಕಡಿಮೆ ಇರುವ ಹೆಣ್ಣುಮಗಳು, ಹಳೆಯ ಗಾಯದಿಂದ ಬೆನ್ನು ಬಗ್ಗಿಸಲಾಗದವನು: ರೆಡಿಮೇಡ್ ಅಳತೆಯೊಳಗೆ ಕೂರದ ಇಂಥವರೇ ಕಾದು, ಕಾಸು ಕೊಟ್ಟು ಕೊಳ್ಳುತ್ತಾರೆ. ಜಪಾನಿನಲ್ಲಿ 1948ರಿಂದ ನಡೆದುಬಂದಿರುವ ಕೇರಿನ್ ಎಂಬ ವೃತ್ತಿಪರ ಸೈಕಲ್ ಪಂದ್ಯದಲ್ಲಿ ಪುರುಷ ಸವಾರರು ಇಂದಿಗೂ ಬಹುಮಟ್ಟಿಗೆ ಮಾನ್ಯತೆ ಪಡೆದ ಕುಶಲಕರ್ಮಿಗಳ ಉಕ್ಕಿನ ಫ್ರೇಮನ್ನೇ ಬಳಸಬೇಕು, ಆ ನಿಯಮದಿಂದ ಅಲ್ಲಿನ ಎಷ್ಟೋ ಚಿಕ್ಕ ಕಾರ್ಖಾನೆಗಳು ಉಸಿರಾಡುತ್ತಿವೆ. ನಮಗೆ ಅಂಥ ಆಸರೆಯಿಲ್ಲ. ನನ್ನನ್ನು ಕಾಪಾಡಿದ್ದು ರಿಪೇರಿ: ಚಕ್ರದ ಅಚ್ಚು ಕೂರುವ ಡ್ರಾಪ್‌ಔಟ್ ಮುರಿದರೆ ಬದಲಿಸುವುದು, ಲಗೇಜ್ ಕ್ಯಾರಿಯರ್ ಮಾಡಿಕೊಡುವುದು.

ಮುಂಗಡ ಅರ್ಧ ಬಾರದೆ ಟ್ಯೂಬು ಕೊಯ್ಯಬೇಡಿ. ಮುಂದಿನ ಚಕ್ರ ಹಿಡಿಯುವ ಫೋರ್ಕನ್ನು ಸದ್ಯಕ್ಕೆ ಕೊಂಡೇ ಹಾಕಿ, ಏಕೆಂದರೆ ಅದು ಮುರಿದರೆ ಸವಾರ ಮುಖ ಅಡಿಯಾಗಿಯೇ ಬೀಳುತ್ತಾನೆ. ಫ್ರೇಮ್ ಮತ್ತು ಫೋರ್ಕಿನ ಪರೀಕ್ಷಾ ವಿಧಾನಗಳು ಸೈಕಲ್ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 4210ರ ಆರನೆಯ ಭಾಗದಲ್ಲಿವೆ, ಓದಿಕೊಳ್ಳಿ. ಕರ್ನಾಟಕದೊಳಗೆ ಮಾತ್ರ ಮಾರಿದರೆ ವರ್ಷಕ್ಕೆ 40 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಬೇಡ, ಆದರೆ ಒಂದೇ ಒಂದು ಫ್ರೇಮನ್ನು ಪುಣೆಗೆ ಮಾರಿದರೂ ನೋಂದಣಿ ಕಡ್ಡಾಯ.

ಪೀಣ್ಯದ ಫಿಟ್ಟರ್:

ಇಬ್ಬರಿಗೂ ಕೃತಜ್ಞತೆಗಳು. ಡೈರಿ ಇಡುವುದನ್ನು ಇಂದೇ ಶುರು ಮಾಡಿದ್ದೇನೆ. ಮೂರನೇ ಫ್ರೇಮಿನ ನಕ್ಷೆಗೇ ಐದು ಗಂಟೆ ಹೋಯಿತೆಂದು ಬರೆದುಕೊಳ್ಳುವಾಗ ಸ್ವಲ್ಪ ನಾಚಿಕೆಯಾಯಿತು. ಕೊನೆಯದಾಗಿ ಒಂದು ಸಹಾಯ: ಬ್ರೇಜಿಂಗ್ ಆದ ಮೇಲೆ ಸೀಟ್ ಟ್ಯೂಬಿನ ಒಳಗನ್ನು 27.2 ಮಿ.ಮೀ.ಗೆ ಹೆರೆದು ರೀಮ್ ಮಾಡಲು ನನ್ನಲ್ಲಿ ಸಲಕರಣೆ ಇದೆ, ಆದರೆ ಪೆಡಲ್ ತಿರುಗುವ ಅಚ್ಚು ಕೂರುವ 68 ಮಿ.ಮೀ. ಬಾಟಮ್ ಬ್ರಾಕೆಟ್ಟಿನ ಬಲಗಡೆಗೆ ಬೇಕಾದ ಎಡಗೈ ಥ್ರೆಡ್ ಕೊರೆಯುವ ಟ್ಯಾಪ್ ಇಲ್ಲ. ಬೆಂಗಳೂರಿನಲ್ಲಿ ಯಾರ ಬಳಿಯಾದರೂ ಇದ್ದರೆ ಒಂದು ಭಾನುವಾರದ ಮಟ್ಟಿಗೆ ಬಾಡಿಗೆಗೆ ಕೊಡುವಿರಾ?