ಹೊಲದ ಬದುವಿನಲ್ಲಿ ಗೌಜಲಕ್ಕಿಗೆ ಉರುಲು ಹಾಕಿದ್ದಾರೆ, ಏನು ಮಾಡಲಿ?

ಖುಷ್ಕಿಹೊಲ:
ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಾ ಕಡೆ ನಾಲ್ಕು ಎಕರೆ ಖುಷ್ಕಿ ಹೊಲ. ಮೊನ್ನೆ ಬೆಳಿಗ್ಗೆ ಬದುವಿನ ಮೇಲೆ ಹೋಗುವಾಗ ಲಂಟಾನ ಪೊದೆಯ ಸಂದಿನಲ್ಲಿ ಏನೋ ಪಟಪಟ ಅಂದಿತು. ಬಗ್ಗಿ ನೋಡಿದರೆ ಗೌಜಲಕ್ಕಿ. ನೈಲಾನ್ ದಾರದ ಉರುಲು ಕಾಲಿಗೆ ಬಿಗಿದು, ಚರ್ಮ ಕಿತ್ತು ರಕ್ತ ಬಂದಿತ್ತು. ಟವೆಲ್ ಮುಚ್ಚಿ ಹಿಡಿದು ಕುಡುಗೋಲಿನ ತುದಿಯಿಂದ ದಾರ ಕುಯ್ದೆ. ಹಾರಲಿಲ್ಲ. ಕುಂಟುತ್ತಾ ಓಡಿ ಜಾಲಿ ಗಿಡದ ಕೆಳಗೆ ಸೇರಿಕೊಂಡಿತು.

ಆಮೇಲೆ ಹುಡುಕಿದರೆ ಇನ್ನೂ ಹನ್ನೊಂದು ಉರುಲು! ಅಕ್ಕಪಕ್ಕ ಮುಳ್ಳು ಜೋಡಿಸಿ, ಹಕ್ಕಿ ನುಸುಳಲು ಅದೊಂದೇ ಸಂದು ಉಳಿಯುವ ಹಾಗೆ ಮಾಡಿದ್ದಾರೆ. ಪಕ್ಕದ ಹೊಲದವರು "ಅದೇನು ನವಿಲಾ? ತಿನ್ನೋ ಹಕ್ಕಿ, ಬಿಡಿ" ಅಂತಾರೆ. ಕಾನೂನು ಏನು ಹೇಳುತ್ತದೆ? ಎಲ್ಲಾ ಕಿತ್ತು ಸುಟ್ಟುಬಿಡಲಾ?

ಕಾನೂನುಮಿತ್ರ:
ಸುಡಬೇಡಿ ಸಾರ್, ಅದೇ ಸಾಕ್ಷಿ. ಇದ್ದಲ್ಲೇ ಫೋಟೋ ತೆಗೆದು 1926ಕ್ಕೆ ಫೋನ್ ಮಾಡಿ, ಅರಣ್ಯ ಇಲಾಖೆಯ ಸಹಾಯವಾಣಿ. ಅವರು ಬರುವವರೆಗೆ ಉರುಲಿನ ಕುಣಿಕೆ ಬಿಗಿಯದ ಹಾಗೆ ಕಡ್ಡಿ ಸಿಕ್ಕಿಸಿಡಿ. ನವಿಲಿಗೆ ಮಾತ್ರ ಕಾನೂನು ಅನ್ನೋದು ತಪ್ಪು. 1972ರ ವನ್ಯಜೀವಿ ಕಾಯ್ದೆಯಲ್ಲಿ ಮೊದಲು ಲೈಸೆನ್ಸ್ ತಗೊಂಡು ಕೆಲವು ಪ್ರಾಣಿ ಪಕ್ಷಿ ಬೇಟೆಯಾಡಬಹುದಿತ್ತು. 1991ರ ತಿದ್ದುಪಡಿಯಲ್ಲಿ ಅದೂ ಹೋಯಿತು. ಹಕ್ಕಿ ಸಿಗದಿದ್ದರೂ ಉರುಲು ಹಾಕೋದೇ ಬೇಟೆ. ಮೊಟ್ಟೆ, ಗೂಡು ಹಾಳು ಮಾಡಿದರೂ ಅಷ್ಟೇ. ಮೂರು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಕುರುಚಲುಕಾಡು:
ಹತ್ತಿರದಲ್ಲಿ ಪಂಜರ ಇತ್ತಾ ನೋಡಿದಿರಾ? ಸಾಕಿದ ಗಂಡು ಗೌಜಲಕ್ಕಿಯನ್ನು ಪಂಜರದಲ್ಲಿಟ್ಟು ಸುತ್ತ ಉರುಲು ಹಾಕುವುದೂ ಇದೆ. ಅದು ಕೂಗಿದರೆ, ತನ್ನ ಜಾಗಕ್ಕೆ ಯಾರೋ ಬಂದ ಅಂತ ಅಲ್ಲಿನ ಗಂಡು ಜಗಳಕ್ಕೆ ಓಡಿಬರುತ್ತದೆ.

ಇನ್ನೊಂದು ಮಾತು. ನೀವು ಬದುವಿಗೆ ಬೆಂಕಿ ಹಾಕುತ್ತೀರಾ? ಈ ಹಕ್ಕಿ ನೆಲದ ಮೇಲೇ, ಪೊದೆ ಬುಡದಲ್ಲಿ ಮೊಟ್ಟೆ ಇಡುತ್ತದೆ. ರಾತ್ರಿ ಮುಳ್ಳು ಗಿಡದ ಮೇಲೆ ಮಲಗುತ್ತದೆ. ಗೆದ್ದಲು ತಿನ್ನುತ್ತದೆ, ನಿಮಗೇ ಲಾಭ ಅಲ್ವಾ? ಬದು ಬೋಳಾದರೆ ಉರುಲೇ ಬೇಡ, ಹಕ್ಕಿ ತಾನಾಗಿಯೇ ಇಲ್ಲವಾಗುತ್ತದೆ.

ಖುಷ್ಕಿಹೊಲ:
ಇಬ್ಬರಿಗೂ ತುಂಬಾ ಧನ್ಯವಾದ. ಫೋನ್ ಮಾಡಿದೆ. ಸಂಜೆ ಗಾರ್ಡ್ ಬಂದು ಮಹಜರು ಮಾಡಿ, ಹನ್ನೊಂದೂ ಉರುಲು ತಗೊಂಡು ಹೋದರು. ಪಂಜರ ಸಿಗಲಿಲ್ಲ.

ಬೆಂಕಿ ಮಾತು ನನಗೆ ಚುಚ್ಚಿತು ಅಣ್ಣ. ಪ್ರತಿ ಬೇಸಿಗೆ ನಾನೇ ಬದುವಿಗೆ ಕಡ್ಡಿ ಗೀರುತ್ತಿದ್ದೆ. ಹೋದ ವರ್ಷ ಬೂದಿಯಲ್ಲಿ ಆರು ಮೊಟ್ಟೆ ಸಿಕ್ಕಿತ್ತು, ಮುಟ್ಟಿದರೆ ಇನ್ನೂ ಬಿಸಿ ಇತ್ತು. ಆಗ ಯಾವ ಹಕ್ಕಿಯದು ಅಂತಲೂ ಯೋಚಿಸಲಿಲ್ಲ. ಈ ಸಲ ನಮ್ಮ ಬದು ಹಾಗೇ ಇರುತ್ತದೆ. ಪಕ್ಕದ ಹೊಲದವರ ಬೆಂಕಿ ಇತ್ತ ಬರದ ಹಾಗೆ ಮೂರಡಿ ಪಟ್ಟೆ ಕೆರೆದಿಡುತ್ತೇನೆ. ಅವರ ಹತ್ತಿರವೂ ಭಾನುವಾರ ಕೂತು ಮಾತಾಡಬೇಕು.